ಖಾನಾವಳಿಯ ರುಚಿ ಹೊಗೆಯಲ್ಲಿಲ್ಲ

ವಿದ್ಯಾಭ್ಯಾಸಕ್ಕೆಂದು ಬೆಳಗಾವಿಗೆ ಬಂದು ನೆಲೆಸುವ ತರುಣರಿಗೆ ಖಾನಾವಳಿಯ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಸವದತ್ತಿ, ಬೈಲಹೊಂಗಲ, ಗೋಕಾಕ, ಖಾನಾಪುರಗಳಿಂದ ಬಂದವರಿಗೆ ಮನೆಯ ಊಟದ ನೆನಪು ಕಾಡಿದಾಗ ಕಾಲುಗಳು ತಾವಾಗಿಯೇ ಅತ್ತ ತಿರುಗುತ್ತವೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಮಡಕಿ ಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಇಷ್ಟಿದ್ದರೆ ಊರು ದೂರವೆನಿಸುವುದಿಲ್ಲ. ಇಪ್ಪತ್ತೈದು ಕಿಲೋಮೀಟರುಗಳಷ್ಟು ದಕ್ಷಿಣಕ್ಕೆ ಸಾಗಿ ಖಾನಾಪುರಕ್ಕೆ ಹೋದರೆ ತಟ್ಟೆಯಲ್ಲಿ ಅನ್ನದ ಪಾಲು ಹೆಚ್ಚುತ್ತದೆ. ಇದಕ್ಕೆ ಕಾರಣ ನೆಲ ಮತ್ತು ಮಳೆ. ಮಲಪ್ರಭೆ ಹುಟ್ಟುವ ಕಣಕುಂಬಿ ಇರುವುದು ಖಾನಾಪುರ ತಾಲ್ಲೂಕಿನಲ್ಲಿ. ಅಲ್ಲಿ ಸಹ್ಯಾದ್ರಿಯ ಭಾರಿ ಮಳೆ, ಬತ್ತದ ಗದ್ದೆ. ಅದೇ ನದಿ ಮೂಡಲಿಗೆ ಹರಿದಂತೆ ಮಳೆ ಕುಗ್ಗಿ, ಕರಿಯ ಮಣ್ಣು ಕಾಣಿಸಿಕೊಂಡು, ಜೋಳದ ಸೀಮೆ ಆರಂಭವಾಗುತ್ತದೆ. ಒಂದು ಜಿಲ್ಲೆಯ ಭೂಗೋಳವೆಲ್ಲ ಒಂದು ತಟ್ಟೆಯಲ್ಲಿ ಕಾಣಸಿಗುವುದು ಸಾಮಾನ್ಯ ಸಂಗತಿಯಲ್ಲ.

ಈ ಊಟ ಒಳ್ಳೆಯದೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಏಕೆ ಒಳ್ಳೆಯದು ಎಂದು ಕೇಳಿದರೆ ಮಾತ್ರ ಸಾಮಾನ್ಯವಾಗಿ ದೊರೆಯುವ ಉತ್ತರ ಒಂದೇ: “ಸೌದೆ ಒಲೆಯ ಹೊಗೆಯಲ್ಲಿ ಬೆಂದದ್ದು, ಆ ರುಚಿ ಬೇರೆ ಎಲ್ಲಿ ಬರಬೇಕು?” ಈ ಉತ್ತರ ತಪ್ಪೆಂಬುದು ನಮ್ಮ ಅಭಿಪ್ರಾಯ. ತಪ್ಪು ಉತ್ತರದಿಂದ ಉಣ್ಣುವವನಿಗೆ ನಷ್ಟವೇನೂ ಇಲ್ಲ. ಒಲೆಯ ಮುಂದೆ ಕುಳಿತವಳಿಗೆ ಇದೆ. ಆದುದರಿಂದಲೇ ಈ ವಿಷಯವನ್ನು ಸ್ವಲ್ಪ ವಿಚಾರಿಸಿ ನೋಡುವುದು ಅಗತ್ಯ.

ರೊಟ್ಟಿ ಆಗುವ ಬಗೆಯನ್ನು ಮೊದಲು ನೋಡೋಣ. ಗೋಧಿಯ ಹಿಟ್ಟಿನಲ್ಲಿ ಗ್ಲುಟೆನ್ ಎಂಬ ಜಿಗುಟಾದ ಪದಾರ್ಥವಿದೆ. ನೀರು ಬೆರೆತು ನಾದಿದಾಗ ಅದು ಬಲೆಯಂತೆ ಹಬ್ಬಿ ಕಣಕವನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅದಿಲ್ಲ. ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗಲೇ ಬಿರಿಯುತ್ತದೆ. ಆದುದರಿಂದ ನಮ್ಮ ತಾಯಂದಿರು ಕುದಿಯುವ ನೀರನ್ನು ಹಾಕಿ ನಾದುತ್ತಾರೆ. ಸುಮಾರು 70 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಜೋಳದ ಪಿಷ್ಟದ ಕಣಗಳು ನೀರು ಹೀರಿ ಉಬ್ಬಿ ಅಂಟಾಗುತ್ತವೆ. ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಈ ಅಂಟು ಮಾಡುತ್ತದೆ. ಬೆಳಗಾವಿ ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿರುವುದರಿಂದ ಇಲ್ಲಿ ವಾಯುವಿನ ಒತ್ತಡ ಕಡಿಮೆ. ನೀರು 100 ಡಿಗ್ರಿಯ ಬದಲು ಸುಮಾರು 97.5 ಡಿಗ್ರಿಯಲ್ಲೇ ಕುದಿಯುತ್ತದೆ. ಆದರೂ ಪಿಷ್ಟಕ್ಕೆ ಅಷ್ಟು ಶಾಖ ಧಾರಾಳವಾಗಿ ಸಾಕು.

ಬಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಕೆಳಗಿನ ಮೈ ಬೆಂದು ಗಟ್ಟಿಯಾಗುವಾಗ ಮೇಲಿನ ಮೈ ಒಣಗಿ ಬಿರುಕುಬಿಡದಂತೆ ಈ ನೀರು ಕಾಯುತ್ತದೆ. ಮಗುಚಿ ಹಾಕಿದಾಗ ಎರಡು ಮೈಗಳೂ ಮುಚ್ಚಿಕೊಂಡು, ನಡುವಿನ ತೇವ ಉಗಿಯಾಗಿ ಸಿಕ್ಕಿಬೀಳುತ್ತದೆ. ಒಂದು ಗ್ರಾಮ್ ನೀರು ಉಗಿಯಾದರೆ ಸುಮಾರು 1,670 ಘನ ಸೆಂಟಿಮೀಟರು ಜಾಗವನ್ನು ಬೇಡುತ್ತದೆ. ರೊಟ್ಟಿ ಪೂರಿಯಂತೆ ಉಬ್ಬುವುದು ಈ ಬಲದಿಂದ. ಇಷ್ಟರವರೆಗೆ ಹೊಗೆಗೆ ಯಾವ ಪಾತ್ರವೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ಪರಿಮಳದ ಮಾತು. ಫ್ರಾನ್ಸಿನ ಲೂಯಿ ಕಾಮಿಲ್ ಮಯಾರ್ ಎಂಬ ವಿಜ್ಞಾನಿ 1912ರಲ್ಲಿ ಒಂದು ಕ್ರಿಯೆಯನ್ನು ವರ್ಣಿಸಿದನು. ಪ್ರೋಟೀನಿನ ಅಂಶಗಳಾದ ಅಮೈನೊ ಆಮ್ಲಗಳೂ ಕೆಲವು ಸಕ್ಕರೆಗಳೂ ಕೂಡಿ ಕಾದಾಗ ಕಂದುಬಣ್ಣವೂ, ನೂರಾರು ಪರಿಮಳ ದ್ರವ್ಯಗಳೂ ಹುಟ್ಟುತ್ತವೆ. ಉಷ್ಣತೆ 140 ಡಿಗ್ರಿ ಮೀರಿದಾಗ ಈ ಕ್ರಿಯೆ ಚುರುಕಾಗುತ್ತದೆ. ರೊಟ್ಟಿಯ ಮೇಲಣ ಕಂದು ಚುಕ್ಕೆಗಳೂ ಹುರಿದ ಶೇಂಗಾದ ಘಮವೂ ಇದರಿಂದಲೇ ಬಂದವು. ಇದಕ್ಕೆ ಹೊಗೆ ಬೇಕಿಲ್ಲವೆಂಬುದಕ್ಕೆ ಬೆಳಗಾವಿಯಲ್ಲೇ ಸಿಹಿಯಾದ ಸಾಕ್ಷಿಯೊಂದಿದೆ: ಕುಂದಾ. ಹಾಲನ್ನು ಸಕ್ಕರೆಯೊಂದಿಗೆ ದೀರ್ಘಕಾಲ ಬತ್ತಿಸಿ ಕಂದುಬಣ್ಣಕ್ಕೆ ತಂದಾಗ ಹಾಲಿನ ಪ್ರೋಟೀನೂ ಹಾಲಿನ ಸಕ್ಕರೆಯೂ ಸೇರಿ ಆ ಪರಿಮಳವನ್ನು ಕೊಡುತ್ತವೆ. ಕುಂದಾಕ್ಕೆ ಹೊಗೆ ತಗುಲಿದರೆ ಅದನ್ನು ಯಾರೂ ಕೊಳ್ಳಲಾರರು!

ಹಾಗಾದರೆ ಸೌದೆ ಒಲೆಯ ರೊಟ್ಟಿಗೆ ವಿಶೇಷವೇ ಇಲ್ಲವೆ? ಇದೆ, ಆದರೆ ಅದು ಕೆಂಡದ ಗುಣ. ಹಂಚಿನಿಂದ ತೆಗೆದ ರೊಟ್ಟಿಯನ್ನು ಕೆಂಡದ ಎದುರು ನಿಲ್ಲಿಸಿ ಸುಡುವುದನ್ನು ನೀವು ನೋಡಿರಬಹುದು. ವಸ್ತುವೊಂದು ಹೊರಸೂಸುವ ವಿಕಿರಣ ಅದರ ನಿರಪೇಕ್ಷ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುತ್ತದೆಂದು ಸ್ಟೆಫಾನ್ 1879ರಲ್ಲಿ ತೋರಿಸಿದನು. ಹಂಚು 250 ಡಿಗ್ರಿ, ಕೆಂಡ 750 ಡಿಗ್ರಿ ಎಂದಿಟ್ಟುಕೊಂಡರೆ, ಅಷ್ಟೇ ವಿಸ್ತಾರದ ಕೆಂಡದಿಂದ ಹೊರಡುವ ವಿಕಿರಣ ಹದಿನಾಲ್ಕು ಪಟ್ಟಿಗೂ ಮಿಗಿಲು. ರೊಟ್ಟಿಯ ಒಳಗನ್ನು ಒಣಗಿಸದೆ ಹೊರಮೈಯನ್ನು ಮಾತ್ರ ಕ್ಷಣದಲ್ಲಿ ಕೆಂಪಾಗಿಸುವುದು ಈ ಶಾಖ. ಅನಿಲದ ನೀಲಿ ಜ್ವಾಲೆ ಇಷ್ಟು ವಿಕಿರಣವನ್ನು ಕೊಡದು. ಆದರೆ ಅದರ ಮೇಲೆ ಕಬ್ಬಿಣದ ಜಾಳಿಗೆಯನ್ನು ಕೆಂಪಗೆ ಕಾಯಿಸಿದರೆ ಆ ಕೊರತೆಯ ಬಹುಪಾಲು ತುಂಬುತ್ತದೆ. ಕೆಂಡವೇ ಬೇಕೆಂದರೂ ಒಂದು ಮಾತನ್ನು ಮರೆಯಬಾರದು: ಸೌದೆ ಅರೆಬರೆಯಾಗಿ ಉರಿಯುವಾಗ ಹೊಗೆ ಏಳುತ್ತದೆ, ಚೆನ್ನಾಗಿ ಉರಿದು ಕೆಂಡವಾದ ಮೇಲೆ ಹೊಗೆ ಅಡಗುತ್ತದೆ. ಅಂದರೆ ರುಚಿಯೂ ಹೊಗೆಯೂ ಒಂದೇ ಒಲೆಯಲ್ಲಿ ಹುಟ್ಟಿದರೂ ಅವು ಬೇರೆ ಬೇರೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಹೊರಗಟ್ಟಬಹುದು. ಕೆಂಡದಿಂದ ಕಣ್ಣಿಗೆ ಕಾಣದ ಇಂಗಾಲದ ಮಾನಾಕ್ಸೈಡು ಬರುವುದರಿಂದ ಗಾಳಿಯ ಸಂಚಾರ ಆಗಲೂ ಅಗತ್ಯ. ಸುಟ್ಟ ಬದನೆಕಾಯಿಯಂಥ ಕೆಲವು ಪದಾರ್ಥಗಳಲ್ಲಿ ಹೊಗೆಯ ವಾಸನೆಯೂ ರುಚಿಯ ಭಾಗವೆಂಬುದನ್ನು ಒಪ್ಪೋಣ. ಅದಕ್ಕೆ ಬೇಕಾದುದು ಕೆಲವು ನಿಮಿಷಗಳ ಹೊಗೆ, ದಿನವಿಡೀ ತುಂಬಿದ ಹೊಗೆಯಲ್ಲ.

ಆ ಹೊಗೆಯಲ್ಲಿ ಕುಳಿತವರು ಯಾರು? ಹೊತ್ತು ಹೊತ್ತಿಗೆ ನೂರಾರು ರೊಟ್ಟಿ ಬಡಿಯುವ ಹೆಂಗಸರು. ಸೌದೆಯ ಹೊಗೆಯಲ್ಲಿ 2.5 ಮೈಕ್ರೊಮೀಟರಿಗಿಂತ ಚಿಕ್ಕದಾದ ಕಣಗಳು ಹೇರಳವಾಗಿವೆ. ನಮ್ಮ ತಲೆಗೂದಲಿನ ದಪ್ಪ ಇದರ ಇಪ್ಪತ್ತೈದು ಮೂವತ್ತರಷ್ಟು. ಮೂಗಿನ ಕಾವಲನ್ನು ದಾಟಿ ಇವು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಕರ್ಕ್ ಸ್ಮಿತ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು 1980ರ ದಶಕದ ಆರಂಭದಲ್ಲಿ ಗುಜರಾತಿನ ಹಳ್ಳಿಗಳಲ್ಲಿ, ಅಡುಗೆ ಮಾಡುವ ಹೆಂಗಸರು ಉಸಿರಾಡುವ ಗಾಳಿಯನ್ನೇ ಅಳೆದು ಈ ಅಪಾಯವನ್ನು ಜಗತ್ತಿನ ಗಮನಕ್ಕೆ ತಂದರು. ಅಡುಗೆಯ ಹೊಗೆಯೇ ಮುಖ್ಯ ಕಾರಣವಾದ ಮನೆಯೊಳಗಿನ ವಾಯುಮಾಲಿನ್ಯದಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಸಾವುಗಳಾದುವೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅದು ಮನೆಗಳ ಲೆಕ್ಕ. ಖಾನಾವಳಿಯ ಅಡುಗೆಮನೆಯಲ್ಲಿ ಒಲೆಯ ಮುಂದೆ ಕಳೆಯುವ ಹೊತ್ತು ಮನೆಯದಕ್ಕಿಂತ ಹೆಚ್ಚು.

ಪರಿಹಾರ ನಮ್ಮ ನಾಡಿನಲ್ಲಿಯೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ನೇತೃತ್ವದಲ್ಲಿ ಆರಂಭವಾದ ‘ಅಸ್ತ್ರ’ ಎಂಬ ಸಂಸ್ಥೆ, ಮುಂದೆ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಕಡಿಮೆ ಸೌದೆ, ಪೂರ್ಣವಾದ ಉರಿ, ಹೊಗೆಯನ್ನು ಹೊರಗೊಯ್ಯುವ ಕೊಳವೆ. ಇವು ಅದರ ಲಕ್ಷಣಗಳು. ಒಳ್ಳೆಯ ಹೊಗೆಕೊಳವೆಯೊಂದು ದುಬಾರಿಯ ಯಂತ್ರವಲ್ಲ; ಬಿಸಿಗಾಳಿ ಹಗುರವಾಗಿ ಮೇಲೇರುತ್ತದೆಂಬ ಪ್ರೌಢಶಾಲೆಯ ಪಾಠವೇ ಅದರ ತತ್ತ್ವ.

ಹಳೆಯದನ್ನೆಲ್ಲ ಬಿಡಬೇಕೆಂಬುದು ನಮ್ಮ ವಾದವಲ್ಲ. ಖಾನಾಪುರ ಕುಂಬಾರಿಕೆಗೂ ಹಂಚಿಗೂ ಹೆಸರಾದ ಊರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪು ಹಾಕಿದ ಮೊಸರು ಗಟ್ಟಿಯಾಗುತ್ತದೆಂಬ ಮಾತನ್ನು ಪರೀಕ್ಷಿಸಿದರೆ ಅದು ನಿಲ್ಲುತ್ತದೆ. ಸೂಕ್ಷ್ಮರಂಧ್ರಗಳು ನೀರನ್ನು ಹೀರಿಕೊಳ್ಳುವುದರಿಂದ ಮೊಸರು ಬಿಗಿಯಾಗುತ್ತದೆ. ಆ ನೀರು ಹೊರಮೈಯಲ್ಲಿ ಆವಿಯಾಗುವುದರಿಂದ ಗಡಿಗೆ ತಂಪಾಗಿ, ಮೊಸರು ಬೇಗ ಹುಳಿಯಾಗುವುದು ತಪ್ಪುತ್ತದೆ. ಕಾರಣ ನಿಂತಿತು, ಗಡಿಗೆ ಉಳಿಯಲಿ. ಹೊಗೆಯ ಕಾರಣ ನಿಲ್ಲಲಿಲ್ಲ, ಹೊಗೆ ಹೋಗಲಿ. ಸಂಪ್ರದಾಯವನ್ನು ಗೌರವಿಸುವ ಕ್ರಮ ಇದೇ ಎಂದು ನಾವು ತಿಳಿಯುತ್ತೇವೆ.

ಕೊಳವೆ ಹಾಕಿಸಲು ಹಣವೆಲ್ಲಿದೆ ಎಂದು ಖಾನಾವಳಿಯವರು ಕೇಳಿದರೆ ಆ ಪ್ರಶ್ನೆ ನ್ಯಾಯವಾದುದೇ. ಊಟದ ಬೆಲೆಯಲ್ಲಿ ಒಂದೆರಡು ರೂಪಾಯಿ ಏರಿದರೆ ಗೊಣಗುವವರು ನಾವೇ ಅಲ್ಲವೆ? ಆದುದರಿಂದ ತರುಣ ವಾಚಕರಲ್ಲಿ ನಮ್ಮ ವಿನಂತಿ ಇಷ್ಟೆ. ಖಾನಾವಳಿಗೆ ತಪ್ಪದೆ ಹೋಗಿರಿ. ಕೈ ತೊಳೆಯಲು ಎದ್ದಾಗ ಒಲೆಯ ಹಿಂದಿನ ಗೋಡೆಯತ್ತ ಒಮ್ಮೆ ಕಣ್ಣು ಹಾಯಿಸಿರಿ. ಅದು ಮಸಿಹಿಡಿದು ಕಪ್ಪಾಗಿದ್ದರೆ, ಯಜಮಾನರೊಡನೆ ವಿನಯದಿಂದ ಕೊಳವೆಯ ಮಾತನ್ನೆತ್ತಿರಿ. ಕೊಳವೆ ಹಾಕಿಸಿದವರಲ್ಲಿ ಊಟಕ್ಕೆ ಎರಡು ರೂಪಾಯಿ ಹೆಚ್ಚಾದರೆ ಸಂತೋಷದಿಂದ ಕೊಡಿರಿ. ಗೋಡೆಗೆ ಹಿಡಿದ ಮಸಿಯನ್ನು ಸುಣ್ಣ ಬಳಿದು ಮರೆಮಾಡಬಹುದು. ಶ್ವಾಸಕೋಶಕ್ಕೆ ಸುಣ್ಣ ಬಳಿಯಲಾಗದು.