ನಡುಮನೆಯ ಕಡಲು

ವೈಟ್‌ಫೀಲ್ಡಿನ ನಡುಮನೆಗೆ ಕಡಲನ್ನೇ ತರಹೊರಟ ಗೃಹಸ್ಥರು, ಮೀನುಗಳನ್ನು ಕೊಳ್ಳುವ ಮುನ್ನ ಜಾತಕ ಕೂಡಿಸಿ ನೋಡುವುದು ಲೇಸು. ನೂರು ಲೀಟರಿನ ಉಪ್ಪುನೀರಿನ ತೊಟ್ಟಿಗೆ ಕ್ಲೌನ್ ಮೀನಿನ ಜೋಡಿಯೊಂದು ಸಾಕು. ಇವೆಲ್ಲ ಹುಟ್ಟಿನಲ್ಲಿ ಗಂಡು. ದೊಡ್ಡದಾದುದು ಹೆಣ್ಣಾಗಿ ಮಾರ್ಪಟ್ಟು ಯಜಮಾನಿಕೆ ವಹಿಸುವುದು. ಮಕ್ಕಳು ಹಟ ಹಿಡಿದರೆಂದು ಮೂರನೆಯದನ್ನು ತಂದರೋ, ಕಚ್ಚಿಸಿಕೊಂಡು ಮೂಲೆ ಸೇರುವುದೇ ಅದರ ಪಾಡು! ಮೀನಿನ ಮೈಯ ಹುಳುಗಳನ್ನು ಹೆಕ್ಕುವ ಕ್ಲೀನರ್ ಸೀಗಡಿ ಇವುಗಳಿಗೆ ಒಳ್ಳೆಯ ನೆರೆ. ಟ್ರಿಗರ್ ಮೀನು ಬಂದರೆ ಆ ಸೀಗಡಿಯೇ ಊಟ. ಚೆಲುವಿನ ಮ್ಯಾಂಡರಿನ್ ಮೀನಂತೂ ಚಿಕ್ಕ ತೊಟ್ಟಿಯಲ್ಲಿ ಜೀವಂತ ಆಹಾರ ಸಾಲದೆ ಹಸಿದು ಸಾಯುವುದೇ ಹೆಚ್ಚು.

ಹವಳದ ಆಸೆಯೇ? ನಮ್ಮ ಕಡಲಿನ ದಿಬ್ಬ ಕಟ್ಟುವ ಹವಳಗಳು 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿವೆ. ಮುರ್ಡೇಶ್ವರದೆದುರಿನ ನೇತ್ರಾಣಿಯ ಹವಳ ನೇತ್ರಾಣಿಯಲ್ಲೇ ಇರತಕ್ಕದ್ದು. ಕ್ಲೌನ್ ದಂಪತಿಗಳು ಬರಿಯ ಕಲ್ಲಿನ ಸಂದಿನಲ್ಲೂ ಮೊಟ್ಟೆಯಿಟ್ಟಾವು.