ಪುಕ್ಕಟೆ ಸಿಕ್ಕಿದ್ದೆಲ್ಲ ನಮ್ಮದಲ್ಲ

ಕ್ವೀನ್ಸ್‌ಬರಿ, ಲಂಡನ್: ನಾಲ್ಕು ವರ್ಷ ಇಂಗ್ಲೆಂಡಿನಲ್ಲಿ ಪಿಎಚ್‌.ಡಿ. ಮಾಡಿದ ನಮ್ಮ ಮಗಳು ಬೆಂಗಳೂರಿಗೆ ಮರಳಿ ಒಂದು ಸಣ್ಣ ಔಷಧ ಸಂಶೋಧನಾ ಕಂಪನಿ ಸೇರಿದ ದಿನ ನಾವು ಇಲ್ಲಿ ಮನೆಯಲ್ಲಿ ಹೋಳಿಗೆ ಮಾಡಿ ನೆರೆಹೊರೆಗೆ ಹಂಚಿದ್ದೆವು. ಎರಡನೇ ವಾರಕ್ಕೇ ಅವಳ ಫೋನ್ ಬಂತು. ದನಿ ಸಪ್ಪಗಿತ್ತು. “ಅಪ್ಪಾ, ಕೆಲಸ ಎಲ್ಲಾ ಗೊತ್ತಿರೋದೇ. ಆದ್ರೆ ಕಲಿತ ಸಾಫ್ಟ್‌ವೇರ್ ಇಲ್ಲಿ ಮುಟ್ಟೋ ಹಾಗಿಲ್ಲ” ಎಂದಳು. ಯಾಕಮ್ಮಾ ಎಂದು ಕೇಳಿದರೆ, “ಯೂನಿವರ್ಸಿಟಿಯಲ್ಲಿದ್ದಾಗ ಫ್ರೀ ಇತ್ತು. ಈಗ ಕಂಪನಿ ದುಡ್ಡು ಕಟ್ಟಬೇಕು. ಇವರ ಹತ್ರ ಈಗ ಅಷ್ಟು ಇಲ್ಲ” ಎಂದಳು.

ಅವಳ ಕೆಲಸ ನಮಗೆ ಅರ್ಥವಾಗಿರುವುದು ಇಷ್ಟು. ನಮ್ಮ ಮೈಯೊಳಗಿನ ಪ್ರೊಟೀನುಗಳನ್ನು ಉಪ್ಪು, ಸಕ್ಕರೆಯಂತೆ ಹರಳುಗಟ್ಟಿಸಬೇಕು. ಆ ಹರಳಿನ ಮೇಲೆ ಕ್ಷ-ಕಿರಣ ಬಿಡಬೇಕು. ಆಗ ಕಾಣುವುದು ಪ್ರೊಟೀನಿನ ಚಿತ್ರವಲ್ಲ, ಸಾವಿರಾರು ಚುಕ್ಕೆಗಳು. ಚುಕ್ಕಿ ಸೇರಿಸಿ ರಂಗೋಲಿ ಎಳೆದಂತೆ, ಆ ಚುಕ್ಕೆಗಳಿಂದ ಅಣುವಿನ ಆಕಾರವನ್ನು ಲೆಕ್ಕ ಹಾಕಿ ತೆಗೆಯುವುದು ಕಂಪ್ಯೂಟರ್ ತಂತ್ರಾಂಶ. ಯಾವ ಔಷಧ ಎಲ್ಲಿ ಹೋಗಿ ಕೂರುತ್ತದೆ ಎಂದು ತಿಳಿಯುವುದು ಆಮೇಲೆ. ಆಕ್ಸ್‌ಫರ್ಡ್‌ಶೈರಿನ ಹಾರ್ವೆಲ್‌ನಲ್ಲಿ 2007ರಿಂದ ಕೆಲಸ ಮಾಡುತ್ತಿರುವ ಡೈಮಂಡ್ ಲೈಟ್ ಸೋರ್ಸ್‌ನಂಥ ಭಾರಿ ಯಂತ್ರವಿದ್ದರೂ, ತಂತ್ರಾಂಶ ಇಲ್ಲದಿದ್ದರೆ ಕೈಗೆ ಬರುವುದು ಬರೀ ಚುಕ್ಕೆ.

ಈ ತಂತ್ರಾಂಶಗಳ ಪರವಾನಗಿಯಲ್ಲಿ ಒಂದು ಸೂಕ್ಷ್ಮವಿದೆ. ಅದನ್ನು ನಮ್ಮಂಥ ತಂದೆತಾಯಿಗಳೂ ತಿಳಿದಿರಬೇಕು ಎಂಬುದೇ ಈ ಬರಹದ ಉದ್ದೇಶ. ಪುಕ್ಕಟೆ ಬೇರೆ, ಮುಕ್ತ ಬೇರೆ. ಮನೆಗೆ ಬಂದ ನೆಂಟರಿಗೆ ಊಟ ಪುಕ್ಕಟೆ. ಹಾಗೆಂದು ಅಡುಗೆಮನೆ ಅವರದಾಗುವುದಿಲ್ಲ. ‘ವಿದ್ಯಾಸಂಸ್ಥೆಗಳಿಗೆ ಉಚಿತ’ ಎನ್ನುವ ತಂತ್ರಾಂಶ ಈ ಬಗೆಯದು. ವಿಶ್ವವಿದ್ಯಾಲಯದ ಗೇಟು ದಾಟಿದ ದಿನ ನೆಂಟಸ್ತನ ಮುಗಿಯಿತು. ಮುಕ್ತ ತಂತ್ರಾಂಶ ಹಾಗಲ್ಲ. ಅದನ್ನು ಯಾರು ಬೇಕಾದರೂ ಬಳಸಬಹುದು, ಒಳಗೆ ಏನಿದೆ ಎಂದು ನೋಡಬಹುದು, ತಿದ್ದಬಹುದು, ಹಂಚಬಹುದು. ಕಾಲೇಜೋ ಕಂಪನಿಯೋ ಎಂದು ಯಾರೂ ಕೇಳುವುದಿಲ್ಲ.

ಬ್ರಿಟನ್ನಿನಲ್ಲೇ ಎರಡೂ ಬಗೆ ಅಕ್ಕಪಕ್ಕ ಇವೆ. 1979ರಲ್ಲಿ ಇಲ್ಲಿ ಶುರುವಾದ ಸಿಸಿಪಿ4 ಎಂಬ ಸಹಕಾರಿ ಯೋಜನೆಯ ತಂತ್ರಾಂಶ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದು ವಿದ್ಯಾಸಂಸ್ಥೆಗಳಿಗೆ ಉಚಿತ, ಕಂಪನಿಗಳಿಗೆ ಶುಲ್ಕ. ಅಣುವಿನ ಮಾದರಿ ಕಟ್ಟುವ ‘ಕೂಟ್’ ಮಾತ್ರ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ. ಹಾರ್ವೆಲ್‌ನವರು ಅಮೆರಿಕದ ಬರ್ಕ್ಲಿ ಪ್ರಯೋಗಾಲಯದ ಜೊತೆ ಸೇರಿ ಬೆಳೆಸಿದ ‘ಡಯಲ್ಸ್’ ಕೂಡ ಮುಕ್ತ. ಮಗಳು ಕೊನೆಗೆ ಇಂಥ ಮುಕ್ತ ಹತಾರಗಳಿಂದಲೇ ಕೆಲಸ ಶುರುಮಾಡಿದಳು. ಅವು ಸಾಲದ ಹಂತಗಳಿಗೆ ಹಣ ಬರುವವರೆಗೆ ಕಾಯಬೇಕಾಯಿತು.

ಶುಲ್ಕ ಕೇಳುವುದೇ ತಪ್ಪೇ? ನಾವೂ ಸಂಸಾರಸ್ಥರು. ದುಡಿದವರಿಗೆ ಸಂಬಳ ಬೇಕೆಂದು ನಮಗೆ ಗೊತ್ತು. ಸಂಶೋಧನೆಯ ಸರ್ಕಾರಿ ಅನುದಾನ ಎರಡು ಮೂರು ವರ್ಷಕ್ಕೆ ಮುಗಿಯುತ್ತದೆ. ತಂತ್ರಾಂಶವನ್ನು ಮಾತ್ರ ವರ್ಷವರ್ಷವೂ ದುರಸ್ತಿ ಮಾಡುತ್ತಲೇ ಇರಬೇಕು. ದೊಡ್ಡ ಔಷಧ ಕಂಪನಿಗಳು ಕಟ್ಟುವ ಶುಲ್ಕದಿಂದ ಸಿಸಿಪಿ4ರಂಥ ಯೋಜನೆಗಳ ಖರ್ಚು ಒಂದಷ್ಟು ನಡೆಯುತ್ತದೆ. ಇದು ನ್ಯಾಯವಾದ ವಾದ. ಆದರೆ ಸಾವಿರಾರು ಜನರ ಕಂಪನಿಗೂ ಐದು ಜನರ ಕಂಪನಿಗೂ ಬಾಗಿಲಲ್ಲಿ ಒಂದೇ ಬೋರ್ಡು ಹಾಕಿದರೆ, ಹೊರಗೆ ನಿಲ್ಲುವವರು ಯಾರು? ತರಬೇತಿಗೆ, ನೆರವಿಗೆ, ನಿರ್ವಹಣೆಗೆ ಹಣ ಕೇಳಲಿ. ಬಳಸುವ ಅನುಮತಿಗೇ ಹಣ ಕೇಳಿದಾಗ, ಕಲಿತದ್ದನ್ನು ಊರಿಗೆ ಕೊಂಡೊಯ್ಯಲು ಹೊರಟ ಮಕ್ಕಳಿಗೆ ಪೆಟ್ಟು ಬೀಳುತ್ತದೆ.

ಇನ್ನೊಂದು ಪ್ರಸಂಗ ನಮ್ಮ ಮನೆಗೆ ಇನ್ನೂ ಹತ್ತಿರದ್ದು. ಕ್ವೀನ್ಸ್‌ಬರಿಯಲ್ಲಿ ಜ್ಯುಬಿಲಿ ಲೈನ್ ಹತ್ತಿ ವೆಂಬ್ಲಿ ಪಾರ್ಕ್‌ನಲ್ಲಿ ರೈಲು ಬದಲಿಸಿದರೆ ಕಿಂಗ್ಸ್ ಕ್ರಾಸ್ ಸಿಗುತ್ತದೆ. ಅಲ್ಲಿರುವ ಗೂಗಲ್ ಡೀಪ್‌ಮೈಂಡ್ ಸಂಸ್ಥೆ ಪ್ರೊಟೀನಿನ ಆಕಾರವನ್ನು ಊಹಿಸಿ ಹೇಳುವ ‘ಆಲ್ಫಾಫೋಲ್ಡ್ 2’ರ ಕೋಡನ್ನು 2021ರಲ್ಲಿ ಮುಕ್ತವಾಗಿ ಬಿಟ್ಟಿತು. ಅದು ಕಲಿತು ಇಟ್ಟುಕೊಂಡ ಅಂಕಿಗಳ ಮೇಲೆ ಮೊದಲಿಗೆ ವಾಣಿಜ್ಯ ಬಳಕೆಗೆ ನಿರ್ಬಂಧವಿತ್ತು. ಮರುವರ್ಷ ಅದನ್ನೂ ತೆಗೆದರು. ಇದರಿಂದ ಸಂಸ್ಥೆಗೇನೂ ನಷ್ಟವಾದಂತೆ ಕಾಣಲಿಲ್ಲ. 2024ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಡೆಮಿಸ್ ಹಸಾಬಿಸ್, ಜಾನ್ ಜಂಪರ್ ಇಬ್ಬರಿಗೂ ಪಾಲು ಬಂತು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ‘ಆಲ್ಫಾಫೋಲ್ಡ್ 3’ರ ಪ್ರಬಂಧ ‘ನೇಚರ್’ನಲ್ಲಿ ಬಂದಾಗ ಕೋಡ್ ಜೊತೆಯಲ್ಲಿರಲಿಲ್ಲ. ವಿಜ್ಞಾನಿಗಳು ಬಹಿರಂಗ ಪತ್ರ ಬರೆದು ಆಕ್ಷೇಪಿಸಿದರು. ನವೆಂಬರ್‌ನಲ್ಲಿ ಕೋಡ್ ಬಂತು. ಅಂಕಿಗಳು ಮಾತ್ರ ಅರ್ಜಿ ಹಾಕಿದ ವಿದ್ಯಾಸಂಸ್ಥೆಗಳವರಿಗೆ, ಅದೂ ವಾಣಿಜ್ಯೇತರ ಕೆಲಸಕ್ಕೆ.

ಕಂಪನಿ ತನ್ನ ಹಣದಲ್ಲಿ ಮಾಡಿದ್ದನ್ನು ತನಗಿಷ್ಟ ಬಂದಂತೆ ಕೊಡಬಹುದಲ್ಲ ಎನ್ನಬಹುದು. ಆದರೆ ಅದು ಕಲಿತದ್ದು ಯಾವುದರಿಂದ? ಪ್ರೊಟೀನ್ ಡೇಟಾ ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರದಿಂದ. 1971ರಲ್ಲಿ ಶುರುವಾದ ಅಲ್ಲಿ ಈಗ 2 ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅವನ್ನು ಹಾಕಿದವರು ದೇಶದೇಶಗಳ ವಿಜ್ಞಾನಿಗಳು. ಅವುಗಳಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರ ವರ್ಷಗಳ ದುಡಿಮೆಯೂ ಇದೆ, ಅಂದರೆ ನಮ್ಮ ಊರಿನವರ ತೆರಿಗೆಯೂ ಇದೆ. ಊರವರೆಲ್ಲ ಕೂಡಿ ತೋಡಿದ ಬಾವಿಗೆ ಒಬ್ಬರು ಪಂಪು ಕೂರಿಸಿ ಬೀಗ ಹಾಕಿಕೊಂಡ ಹಾಗೆ ನಮಗೆ ಕಾಣುತ್ತದೆ.

ಹಿಂದಿನವರು ಹೀಗಿರಲಿಲ್ಲ. ಜಿ.ಎನ್. ರಾಮಚಂದ್ರನ್ ಮತ್ತು ಸಂಗಡಿಗರು ಮದರಾಸಿನಿಂದ 1963ರಲ್ಲಿ ಪ್ರಕಟಿಸಿದ ನಕ್ಷೆಯಿಂದಲೇ ಇಂದಿಗೂ ಜಗತ್ತಿನ ಪ್ರೊಟೀನ್ ತಂತ್ರಾಂಶಗಳು ಮಾದರಿ ಸರಿಯಿದೆಯೇ ಎಂದು ನೋಡುವುದು. ಅದಕ್ಕೆ ಯಾರೂ ಶುಲ್ಕ ಕಟ್ಟುವುದಿಲ್ಲ. ಅವರೇ ಮುಂದೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಜ್ಞಾನ ವಿಭಾಗ ಕಟ್ಟಿದರು. ಆಕ್ಸ್‌ಫರ್ಡಿನಲ್ಲಿ ಡೊರೊತಿ ಹಾಜ್‌ಕಿನ್ ಅವರ ಜೊತೆ ಇನ್ಸುಲಿನ್ ರಚನೆಯ ಮೇಲೆ ದುಡಿದ ಎಂ. ವಿಜಯನ್ ಅದೇ ಸಂಸ್ಥೆಗೆ ಬಂದು, ತಾವು ಕಲಿತದ್ದನ್ನು ತಲೆಮಾರುಗಳಿಗೆ ಕಲಿಸಿದರು. ವಿದೇಶದಲ್ಲಿ ಕಲಿತ ವಿದ್ಯೆ ಊರಿಗೆ ಬಂದರೆ ಎಷ್ಟು ಬೆಳೆಯುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕೇ?

ಬೀಗದ ತೊಂದರೆ ನಮಗೆ ಹೊಸದೂ ಅಲ್ಲ. ಹಳೆಯ ಕಂಪ್ಯೂಟರಿನಲ್ಲಿ ನುಡಿಯಲ್ಲೋ ಬರಹದಲ್ಲೋ ಟೈಪ್ ಮಾಡಿದ ಮಗುವಿನ ನಾಮಕರಣದ ಆಮಂತ್ರಣವನ್ನು ಇಂದು ಫೋನಿನಲ್ಲಿ ತೆರೆದು ನೋಡಿ. ಆ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಎಲ್ಲರಿಗೂ ಒಂದೇ ಆದ ಯುನಿಕೋಡ್ ಬಂದ ಮೇಲಷ್ಟೇ ಅಮ್ಮ ಅಲ್ಲಿಂದ ಕಳಿಸಿದ ಕನ್ನಡ ಇಲ್ಲಿ ಕನ್ನಡವಾಗಿಯೇ ಬರುತ್ತಿರುವುದು.

ಹಾಗಾಗಿ ನಮ್ಮ ಮಾತು ಇಷ್ಟೇ. ಸರ್ಕಾರದ ಹಣದಿಂದ ಬರೆದ ವೈಜ್ಞಾನಿಕ ತಂತ್ರಾಂಶ ಮುಕ್ತವಾಗಿರಬೇಕು, ಅದು ದೆಹಲಿಯ ಹಣವಾಗಲಿ, ಕರ್ನಾಟಕದ್ದಾಗಲಿ, ಬ್ರಿಟನ್ನಿನದಾಗಲಿ. ಅದರ ನಿರ್ವಹಣೆಗೂ ಅದೇ ಅನುದಾನದಲ್ಲಿ ಹಣ ಎತ್ತಿಡಬೇಕು. ಇಲ್ಲದಿದ್ದರೆ ಮುಕ್ತ ಎನ್ನುವುದು ಬರೀ ಮಾತಾದೀತು.

ಮಕ್ಕಳನ್ನು ಹೊರದೇಶಕ್ಕೆ ಸಂಶೋಧನೆಗೆ ಕಳಿಸುವ ಮನೆಯವರು ಫೀಸು, ವೀಸಾ, ಬಾಡಿಗೆ ಎಲ್ಲವನ್ನೂ ವಿಚಾರಿಸುತ್ತೇವೆ. ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳೋಣ. ನೀನು ಕಲಿಯುವ ತಂತ್ರಾಂಶ ಯೂನಿವರ್ಸಿಟಿ ಬಿಟ್ಟ ಮೇಲೂ ನಿನ್ನ ಕೈಗೆ ಸಿಗುತ್ತದೆಯೇ? ನೀನು ಬರೆದ ಕೋಡ್ ಯಾರದ್ದಾಗುತ್ತದೆ? ಉತ್ತರ ಮೊದಲೇ ಗೊತ್ತಿದ್ದರೆ, ಒಂದು ಮುಕ್ತ ಹತಾರವನ್ನಾದರೂ ಜೊತೆಗೆ ಕಲಿತುಕೊಂಡು ಬರಬಹುದು. ನಮಗೆ ಅದನ್ನು ಯಾರೂ ಹೇಳಿರಲಿಲ್ಲ.

ಮೊನ್ನೆ ಮಗಳು ಮತ್ತೆ ಫೋನ್ ಮಾಡಿದ್ದಳು. ಒಂದು ಮುಕ್ತ ತಂತ್ರಾಂಶದಲ್ಲಿದ್ದ ಸಣ್ಣ ದೋಷವನ್ನು ಅವಳೇ ತಿದ್ದಿ ಕಳಿಸಿದ್ದಾಳಂತೆ, ಅವರು ಸೇರಿಸಿಕೊಂಡರಂತೆ. ಈ ಸಲ ದನಿ ಸಪ್ಪಗಿರಲಿಲ್ಲ.