ಯಾರ ತೋಳಿನ ಮಾರು?

ಎರಡೂ ತೋಳು ಚಾಚಿ ನಿಂತರೆ ಈ ಬೆರಳ ತುದಿಯಿಂದ ಆ ಬೆರಳ ತುದಿಗೆ ಒಂದು ಮಾರು. ನಾಲ್ಕು ಮೊಳ. ತಮಿಳು, ಮಲಯಾಳಗಳಲ್ಲಿ ಮಾರ್ ಎಂದರೆ ಎದೆ. ಎದೆ ತೆರೆದು ಅಳೆಯುವ ಅಳತೆ ಇದು; ಅಪ್ಪಿಕೊಳ್ಳಲು ಬರುವವನೂ ಹೀಗೇ ನಿಲ್ಲುತ್ತಾನೆ. ನಮ್ಮ ಅಪ್ಪ-ಅವ್ವಂದಿರ ಕಿವಿಗೆ ಈ ಮಾತು ಬಿದ್ದದ್ದು ಹೇಗೆ? 'ಏಯ್, ಮಾರು ದೂರ ನಿಂತ್ಕೊಳ್ಳೋ!'

ಪಂಡಿತರು ನಿಘಂಟಿನಲ್ಲಿ ಮೂಲ ಹುಡುಕುತ್ತಾರೆ, ಹುಡುಕಲಿ. ಮಾರು ಹಾಕಿದ ಕೈ ಯಾರದು ಅಂತ ಅಲ್ಲಿ ಬರೆದಿರೋದಿಲ್ಲ. ಕಪಿಲೆ ಬಾವಿಗೆ ತೊಗಲಿನ ಚೀಲ ಹೊಲಿದವರು, ಮಿಣಿ ಹೆಣೆದು ಮಾರು ಮಾರಾಗಿ ಅಳೆದು ಕೊಟ್ಟವರು ನಮ್ಮ ಮಾದಿಗರ ಕೇರಿಯವರು. ಆ ಚೀಲ ಎತ್ತಿದ ನೀರು ಗೌಡರ ಕಬ್ಬಿಗೆ ಮೈಲಿಗೆಯಾಗಲಿಲ್ಲ. ಅದೇ ಕೈ ಸೇದೋ ಬಾವಿಯ ಹಗ್ಗ ಮುಟ್ಟಿದರೆ ಬಾವೀನೇ ಕೆಟ್ಟುಹೋಯ್ತು!

1955ರಲ್ಲಿ ಅಸ್ಪೃಶ್ಯತೆಗೆ ಶಿಕ್ಷೆ ವಿಧಿಸುವ ಕಾಯ್ದೆ ಬಂತು. 1956ರಲ್ಲಿ ಮೀಟರು, ಕಿಲೋಗಳ ಕಾಯ್ದೆ ಬಂತು. ಎರಡನೆಯದಕ್ಕೆ ಸರ್ಕಾರ ಅಂಗಡಿ ಅಂಗಡಿಗೆ ಇನ್ಸ್‌ಪೆಕ್ಟರನ್ನು ಕಳಿಸಿತು, ತೂಕದ ಬಟ್ಟಿಗೆ ಮುದ್ರೆ ಒತ್ತಿಸಿತು. ಸೇರು, ಗಜಗಳನ್ನು ಲೆಕ್ಕದಿಂದ ತೆಗೆಸಿತು. ಮೊದಲನೆಯದರಡಿ ದೂರು ಕೊಡಲು ಹೋದವನಿಗೆ ಠಾಣೆಯಲ್ಲೂ 'ಅಲ್ಲೇ ನಿಂತ್ಕೋ' ಅಂದರು. ಈ ಮಾರಿಗೆ ಇನ್ಸ್‌ಪೆಕ್ಟರು ಎಲ್ಲಿ, ಸ್ವಾಮಿ?

ಮೇಷ್ಟ್ರೇ, ಅಳತೆಯ ಪಾಠ ಬಂದಾಗ ಮಕ್ಕಳನ್ನು ಹೊರಗೆ ಕರೆತನ್ನಿ. ಗುಡಿಯ ಬಾಗಿಲಿಗೂ ಕೇರಿಯವರು ನಿಲ್ಲುವ ಜಾಗಕ್ಕೂ ಎಷ್ಟು ಮಾರು, ಹೋಟೆಲಿನ ಬೆಂಚಿಗೂ ಹೊರಗಿಟ್ಟ ಲೋಟಕ್ಕೂ ಎಷ್ಟು ಮೊಳ, ಅಳೆಸಿ. ಎಲ್ಲ ಕೇರಿಯ ಮಕ್ಕಳೂ ಸಾಲಾಗಿ ನಿಂತು ತೋಳು ಚಾಚಲಿ, ಬೆರಳಿಗೆ ಬೆರಳು ತಾಗಲಿ. ಬಂದ ಲೆಕ್ಕ ಬರೆದು ಕಳಿಸಿ, ಅಚ್ಚು ಹಾಕುತ್ತೇವೆ.